ಲಕ್ವಾ ಹೊಡೆದು ಸಂಬಳ ನಿಂತಿದೆ, ಮನೆಸಾಲದ ಕಂತು ಹೇಗೆ ಕಟ್ಟೋದು?

ಪ್ರಶ್ನೆ: ಸರ್, ನಾವು ಬೆಳಗಾವಿಯವರು. ನಮ್ಮ ಮನೆಯವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದಾರೆ. ವಯಸ್ಸು 41, ಸಂಬಳ 20,400 ರೂಪಾಯಿ. ನಾಲ್ಕು ತಿಂಗಳ ಹಿಂದೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಇನ್ನೂ ಸರಿಯಾಗಿಲ್ಲ. ಸಂಬಳ ನಿಂತಿದೆ. ನಾನು ಬ್ಲೌಸ್ ಹೊಲಿದು ತಿಂಗಳಿಗೆ ನಾಲ್ಕೈದು ಸಾವಿರ ದುಡಿಯುತ್ತೇನೆ. ನಾಲ್ಕು ವರ್ಷದ ಹಿಂದೆ ಬ್ಯಾಂಕಿನಿಂದ 12 ಲಕ್ಷ ಮನೆಸಾಲ ತಗೊಂಡಿದ್ದೇವೆ. 15 ವರ್ಷದ ಅವಧಿ, ಬಡ್ಡಿ ಶೇ. 9, ಕಂತು 12,171. ಸಾಲದಲ್ಲಿ ನನ್ನ ಹೆಸರೂ ಇದೆ. ಮೊದಲ ಎರಡು ಕಂತನ್ನು ನನ್ನ ಪಾಟಲಿ ಅಡ ಇಟ್ಟು ಕಟ್ಟಿದೆ. ಆಮೇಲಿನ ಎರಡು ತಪ್ಪಿವೆ. ಮುಂದಿನ ವಾರ 5ನೇ ತಾರೀಖಿಗೆ ಇನ್ನೊಂದು ಬರುತ್ತದೆ. ವಸೂಲಿಯವರು ಮನೆಗೆ ಬಂದು ಓಣಿಯವರಿಗೆ ಕೇಳುವ ಹಾಗೆ ಮಾತಾಡುತ್ತಾರೆ. ಕಾಯಿಲೆ ಬಿದ್ದವರ ಮನೆಸಾಲದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನಿಜವೇ? ಸಂಘದ ಸಾಲ ತೆಗೆದು ಕಂತು ಕಟ್ಟಲೇ? ಮನೆ ಹೋಗುತ್ತದೆ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ತಂಗಿ, ಸಂಘದ ಸಾಲಕ್ಕೆ ಇವತ್ತು ಸಹಿ ಹಾಕಬೇಡಿ. ನಿಮ್ಮ ಮನೆಯವರ ಹೆಸರಿನಲ್ಲಿ ಬರಬೇಕಾದ ದುಡ್ಡು ಬೇರೆ ಕಡೆ ಇದೆ. ಅದನ್ನು ನೀವಿನ್ನೂ ಕೇಳಿಯೇ ಇಲ್ಲ ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ.

ವಿಡಿಯೊ ವಿಷಯ ಮೊದಲು ಮುಗಿಸೋಣ. ನೀವು ನೋಡಿದ್ದು ಬ್ರಿಟನ್ನಿನ ಯೋಜನೆ ಇರಬೇಕು. ಅಲ್ಲಿ ಸರ್ಕಾರದ ಕೆಲವು ಭತ್ಯೆ ಪಡೆಯುವವರಿಗೆ ಮನೆಸಾಲದ ಬಡ್ಡಿಗೆ ನೆರವು ಸಿಗುತ್ತದೆ. 2018ರ ಏಪ್ರಿಲ್‌ನಿಂದ ಅದು ಕೂಡ ಸಾಲವೇ. ಮುಂದೆ ಮನೆ ಮಾರಿದಾಗ ಬಡ್ಡಿ ಸಮೇತ ವಾಪಸ್ ಕೊಡಬೇಕು. ನಮ್ಮಲ್ಲಿ ಅಂಥ ಯೋಜನೆ ಇಲ್ಲ. ಕೊರೊನಾ ಬಂದಾಗ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತಿಗೆ ವಿರಾಮ ಕೊಟ್ಟಿದ್ದರಲ್ಲ, ಅದನ್ನು ನೆನಪಿಟ್ಟುಕೊಂಡು ಈಗಲೂ ಕೆಲವರು ಕೇಳುತ್ತಾರೆ. ಅದು ಆ ಹೊತ್ತಿಗೆ ಮಾತ್ರ ಇತ್ತು. ಈಗ ಕಂತು ನಿಲ್ಲಿಸಿ ಎಂದು ಬ್ಯಾಂಕಿಗೆ ಹೇಳುವ ಕಾನೂನು ಇಲ್ಲ.

ಹಾಗಾದರೆ ದುಡ್ಡು ಎಲ್ಲಿದೆ? ಯಜಮಾನರ ಹಳೆಯ ಸಂಬಳದ ಚೀಟಿ ತೆಗೆದು ನೋಡಿ. ಕಡಿತದ ಕಡೆ ಇಎಸ್‌ಐ ಎಂದು 153 ರೂಪಾಯಿ ಇರಬೇಕು. ಇಎಸ್‌ಐ ಅಂದರೆ ಕಾರ್ಮಿಕರಿಗಾಗಿ ಇರುವ ಸರ್ಕಾರಿ ವಿಮೆ. ಅದಕ್ಕೆ ಕಾರ್ಮಿಕರಿಂದ ಸಂಬಳದ ಶೇ. 0.75 ಹಿಡಿಯುತ್ತಾರೆ. ಮಾಲೀಕರು ಶೇ. 3.25 ಸೇರಿಸುತ್ತಾರೆ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ, ನಿಮ್ಮವರೂ ಬರುತ್ತಾರೆ. ನಮ್ಮ ಕಡೆ ಇಎಸ್‌ಐ ಅಂದರೆ ಪುಕ್ಕಟೆ ಗುಳಿಗೆ, ಉದ್ದ ಪಾಳಿ, ಅಷ್ಟೇ ಅಂದುಕೊಂಡಿದ್ದಾರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಮೇಜಿನ ಹಿಂದೆ ಕೂತವನು ನಾನು. ಕಾಯಿಲೆಯಿಂದ ಕಂತು ತಪ್ಪಿಸಿದ ಎಷ್ಟೋ ಕಾರ್ಮಿಕರನ್ನು 'ಇಎಸ್‌ಐ ಭತ್ಯೆ ತಗೊಂಡ್ರಾ?' ಎಂದು ಕೇಳಿದ್ದೇನೆ. 'ಅದರಾಗ ರೊಕ್ಕಾನೂ ಕೊಡ್ತಾರೇನ್ರಿ?' ಎಂದು ತಿರುಗಿ ಕೇಳಿದವರೇ ಜಾಸ್ತಿ.

ಕೊಡುತ್ತಾರೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅದಕ್ಕೆ ಸಂಬಂಧಪಟ್ಟ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ, ಅಂದರೆ ಸಂಬಳದಿಂದ ಹಿಡಿಯುವ ಆ ಇಎಸ್‌ಐ ಹಣ, ಕಟ್ಟಿರಬೇಕು. ಒಂಬತ್ತು ವರ್ಷ ಬಿಡದೆ ದುಡಿದವರಿಗೆ ಅದು ತೊಡಕಾಗುವುದಿಲ್ಲ. ನಿಮಗೆ ಮುಖ್ಯವಾಗಿದ್ದು ಇದರ ಮುಂದಿನ ಭಾಗ. ದೀರ್ಘಕಾಲದ 34 ಕಾಯಿಲೆಗಳ ಒಂದು ಪಟ್ಟಿ ಇದೆ. ಕ್ಯಾನ್ಸರ್, ಕ್ಷಯ, ಕಿಡ್ನಿ ವೈಫಲ್ಯದಂಥವು ಅದರಲ್ಲಿವೆ. ದೇಹದ ಒಂದು ಭಾಗಕ್ಕೆ ಹೊಡೆದ ಲಕ್ವಾನೂ ಇದೆ. ಇವಕ್ಕೆ 91 ದಿನ ಮುಗಿದ ಮೇಲೆ ವಿಸ್ತರಿತ ಭತ್ಯೆ ಅಂತ ಶೇ. 80 ಕೊಡುತ್ತಾರೆ, ವೈದ್ಯರ ಪ್ರಮಾಣಪತ್ರದ ಮೇಲೆ ಎರಡು ವರ್ಷದವರೆಗೂ ಮುಂದುವರಿಸಬಹುದು. ಇದಕ್ಕೆ ಎರಡು ವರ್ಷದ ನೌಕರಿ ಆಗಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳದ್ದು) ಒಟ್ಟು 156 ದಿನದ ವಂತಿಗೆ ಇರಬೇಕು.

ನಿಮ್ಮ ಲೆಕ್ಕಕ್ಕೆ ತಂದು ನೋಡೋಣ. 20,400ಕ್ಕೆ ದಿನದ ಸಂಬಳ 680 ಎಂದು ಹಿಡಿದರೆ ಶೇ. 70 ಅಂದರೆ 476 ರೂಪಾಯಿ. 91 ದಿನಕ್ಕೆ ಸುಮಾರು 43 ಸಾವಿರ. ಅಲ್ಲಿಂದ ಮುಂದೆ ದಿನಕ್ಕೆ 544ರಂತೆ ತಿಂಗಳಿಗೆ 16 ಸಾವಿರದ ಮೇಲೆ. ನಿಮ್ಮ ತಪ್ಪಿದ ಎರಡು ಕಂತು ಸೇರಿ 24,342. ಬ್ಯಾಂಕಿನ ಬಾಕಿ ತೀರಿ, ಪಾಟಲಿಯನ್ನೂ ಬಿಡಿಸಿಕೊಳ್ಳುವ ಹಾದಿ ಇದರಲ್ಲೇ ಕಾಣುತ್ತದೆ ಅಲ್ವಾ?

ಒಂದು ತೊಡಕು ಬರಬಹುದು. ಲಕ್ವಾ ಹೊಡೆದ ದಿನ ಯಾರೂ ಇಎಸ್‌ಐ ಕಾರ್ಡ್ ಹುಡುಕುತ್ತಾ ಕೂರುವುದಿಲ್ಲ. ಹತ್ತಿರದ ಖಾಸಗಿ ಆಸ್ಪತ್ರೆಗೆ ಓಡಿರುತ್ತೀರಿ. ಭತ್ಯೆಗೆ ಬೇಕಾದದ್ದು ಇಎಸ್‌ಐ ವೈದ್ಯರ ಪ್ರಮಾಣಪತ್ರ. ಹಾಗಂತ ಹಳೆಯ ದಿನಗಳನ್ನು ಕೈಬಿಡಬೇಡಿ. ಬೇರೆ ಆಸ್ಪತ್ರೆಯ ಕಾಗದಗಳನ್ನೂ ಸಾಕ್ಷಿಯಾಗಿ ಪರಿಶೀಲಿಸಲು ಅವಕಾಶ ಇದೆ. ಡಿಸ್ಚಾರ್ಜ್ ಸಮರಿ, ಸ್ಕ್ಯಾನ್ ವರದಿ, ಫಿಸಿಯೊಥೆರಪಿ ಚೀಟಿ, ಔಷಧಿ ಬಿಲ್ಲು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಯಜಮಾನರನ್ನು ಕರೆದುಕೊಂಡೇ ನಿಮ್ಮೂರಿನ ಇಎಸ್‌ಐ ಆಸ್ಪತ್ರೆಗೆ ಹೋಗಿ. ಅಲ್ಲಿ ವೈದ್ಯರಿಗೆ ಸುಮ್ನೆ 'ಗುಳಿಗೆ ಬರೆದುಕೊಡ್ರಿ' ಅನ್ನಬೇಡಿ. 'ಕಾಯಿಲೆ ಭತ್ಯೆಗೆ ಪ್ರಮಾಣಪತ್ರ ಬೇಕು, ಆಮೇಲೆ ವಿಸ್ತರಿತ ಭತ್ಯೆಗೂ ಬೇಕು' ಎಂದು ಬಾಯಿಬಿಟ್ಟು ಹೇಳಿ. ಹಣ ಬರುವುದು ಇಎಸ್‌ಐ ಶಾಖಾ ಕಚೇರಿಯಿಂದ. ಅಲ್ಲಿಗೆ ಬ್ಯಾಂಕ್ ಪಾಸ್‌ಬುಕ್ ಪ್ರತಿ, ಆಧಾರ್, ಇಎಸ್‌ಐ ಸಂಖ್ಯೆ ಒಯ್ಯಿರಿ. ಚಿಕಿತ್ಸೆ, ಫಿಸಿಯೊಥೆರಪಿಯನ್ನೂ ಇನ್ನು ಮುಂದೆ ಅಲ್ಲೇ ಮುಂದುವರಿಸಿದರೆ ಕೈಯಿಂದ ಹೋಗುವ ಖರ್ಚು ಉಳಿಯುತ್ತದೆ.

ಇನ್ನೊಂದು ಮಾತು. ಕಾರ್ಖಾನೆಯಿಂದ ಯಾರಾದರೂ 'ರಾಜೀನಾಮೆ ಕೊಟ್ಟುಬಿಡಿ, ಲೆಕ್ಕ ಮುಗಿಸೋಣ' ಎಂದು ಕಾಗದ ತಂದರೆ ಸಹಿ ಬೇಡ. ಮುಂದೆ ಕೆಲಸ ಬಿಡಲೇಬೇಕಾದ ದಿನ ಬಂದರೆ, ಕಾಯಿಲೆಯಿಂದ ದುಡಿಯಲಾಗದೆ ಬಿಟ್ಟದ್ದು ಎಂದು ದಾಖಲೆಯಲ್ಲಿ ಸ್ಪಷ್ಟ ಇರಲಿ. ಒಂಬತ್ತು ವರ್ಷದ ಗ್ರಾಚ್ಯುಟಿ ಹೇಗೂ ಬರಬೇಕು. ಪಿಎಫ್ ಕಟ್ಟಿದವರು ಪೂರ್ತಿ, ಶಾಶ್ವತವಾಗಿ ದುಡಿಯಲಾಗದ ಸ್ಥಿತಿಗೆ ಬಂದರೆ ಅಂಗವಿಕಲರ ಪಿಂಚಣಿಗೂ ಅವಕಾಶ ಇದೆ. ಅದು ಆಮೇಲಿನ ಮಾತು. ನಾಲ್ಕು ತಿಂಗಳಿಗೆ ಅಷ್ಟು ದೂರ ಯೋಚಿಸುವುದು ಬೇಡ. ಲಕ್ವಾ ಹೊಡೆದವರು ವರ್ಷದೊಳಗೆ ಎಷ್ಟೋ ಸುಧಾರಿಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಈಗ ಎರಡನೇ ಕಡೆ ನೋಡಿ. ಸಾಲ ಕೊಡುವಾಗ ವಿಮೆ ಎಂದು ಒಂದಷ್ಟು ದುಡ್ಡು ಹಿಡಿದಿದ್ದರೇ? ಸಾಲ ಮಂಜೂರಾದ ಕಾಗದದಲ್ಲಿ, ಇಲ್ಲವೇ ಆ ತಿಂಗಳ ಖಾತೆ ವಿವರದಲ್ಲಿ ಅದು ಕಾಣುತ್ತದೆ. ಬಾಗಲಕೋಟೆ ನವನಗರದಲ್ಲಿ ನಾನು ಕೆಲಸದಲ್ಲಿದ್ದಾಗ ಗುಳೇದಗುಡ್ಡದಿಂದ ಒಬ್ಬರು ಬಂದಿದ್ದರು. ಹೃದಯದ ಆಪರೇಷನ್ ಆಗಿತ್ತು. ವಿಮೆ ಇಲ್ಲವೇ ಇಲ್ಲ ಅಂದರು. ಮರುದಿನ ಅವರ ಮಗ ಒಂದು ಮಡಚಿದ ಕಾಗದ ತಂದ. ತಿಜೋರಿಯ ಖಾನೆಗೆ ಹಾಸಿದ್ದ ಪೇಪರಿನ ಕೆಳಗೆ ಇತ್ತಂತೆ, ಮಡಿಕೆಯಲ್ಲಿ ಕುಂಕುಮ ಅಂಟಿತ್ತು. ಅದು ವಿಮೆಯ ಪ್ರಮಾಣಪತ್ರವೇ ಆಗಿತ್ತು, ಗಂಭೀರ ಕಾಯಿಲೆಯ ರಕ್ಷಣೆಯೂ ಅದರಲ್ಲಿತ್ತು. ಅವರ ಸಾಲದ ದೊಡ್ಡ ಪಾಲು ಅದರಿಂದಲೇ ತೀರಿತು.

ಎಲ್ಲರಿಗೂ ಹಾಗೆ ಆಗುತ್ತದೆ ಎಂದು ಹೇಳಲಾರೆ. ಮನೆಸಾಲದ ಜೊತೆ ಕೊಡುವ ಬಹಳಷ್ಟು ವಿಮೆ ಸಾಲಗಾರರು ತೀರಿಕೊಂಡರೆ ಮಾತ್ರ ಹಣ ಕೊಡುತ್ತದೆ. ಪ್ರಮಾಣಪತ್ರದಲ್ಲಿ 'ಗಂಭೀರ ಕಾಯಿಲೆ', 'ಕ್ರಿಟಿಕಲ್ ಇಲ್ನೆಸ್' ಅಥವಾ 'ಅಂಗವೈಕಲ್ಯ' ಎಂಬ ಪದ ಇದೆಯೇ ನೋಡಿ. ಇದ್ದರೆ ನಿಮಗೆ ಈಗಲೇ ಸರಿಯಾದ ಹೊತ್ತು. ಯಾಕೆ ಗೊತ್ತಾ? ವಿಮಾ ಪ್ರಾಧಿಕಾರದ ವ್ಯಾಖ್ಯೆಯ ಪ್ರಕಾರ ಲಕ್ವಾಕ್ಕೆ ಹಣ ಸಿಗಬೇಕಾದರೆ ಸ್ಕ್ಯಾನ್‌ನಲ್ಲಿ ಮೆದುಳಿನ ಪೆಟ್ಟು ಕಾಣಬೇಕು, ಮತ್ತು ಶಾಶ್ವತವಾದ ನರದೌರ್ಬಲ್ಯ ಕನಿಷ್ಠ ಮೂರು ತಿಂಗಳಾದರೂ ಉಳಿದಿದೆ ಎಂದು ಪುರಾವೆ ಬೇಕು. ಮೊದಲ ತಿಂಗಳಲ್ಲೇ ಅರ್ಜಿ ಹಾಕಿ ಬೇಡ ಅನ್ನಿಸಿಕೊಂಡು ಸುಮ್ಮನಾದವರಿದ್ದಾರೆ. ನಿಮಗೆ ನಾಲ್ಕು ತಿಂಗಳಾಗಿದೆ. ನರರೋಗ ವೈದ್ಯರಿಂದ ಇಂದಿನ ಸ್ಥಿತಿಯ ಬಗ್ಗೆ ಹೊಸ ಪತ್ರ ಬರೆಸಿ. ಆ ಪತ್ರದಲ್ಲಿ ಲಕ್ವಾ ಹೊಡೆದ ತಾರೀಖು, ಈಗ ಕೈಕಾಲಿಗೆ ಎಷ್ಟು ಬಲ ಇದೆ ಎಂಬುದು, ಈ ದೌರ್ಬಲ್ಯ ಶಾಶ್ವತವೇ ಎಂಬ ಅವರ ಅಭಿಪ್ರಾಯ, ಮೂರೂ ಇರಲಿ.

ಪಿಎಫ್‌ನಲ್ಲಿ ಕಾಯಿಲೆಗೆ ಎಂದು ಮುಂಗಡ ತೆಗೆಯಬಹುದು, ವಾಪಸ್ ಕಟ್ಟಬೇಕಿಲ್ಲ. ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಇಎಸ್‌ಐ ಹಣ ಬರುವುದು ತಡವಾಗಿ 5ನೇ ತಾರೀಖು ದಾಟುವ ಹಾಗಿದ್ದರೆ ಒಂದೆರಡು ಕಂತಿಗೆ ಸಾಕಾಗುವಷ್ಟು ಮಾತ್ರ ತೆಗೆಯಿರಿ.

ಇನ್ನು ಬ್ಯಾಂಕ್. ಇಲ್ಲಿ ದಿನದ ಲೆಕ್ಕ ಗೊತ್ತಿರಬೇಕು. ಮೊದಲು ತಪ್ಪಿದ ಕಂತಿನ ತಾರೀಖಿನಿಂದ ಎಣಿಸಿದರೆ ನಿಮಗೆ ಈಗ 50 ದಿನ ದಾಟಿದೆ. 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ, ಅಂದರೆ ಬ್ಯಾಂಕಿನ ಪುಸ್ತಕದಲ್ಲಿ ಕೆಟ್ಟ ಸಾಲ. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಎರಡೂ ಕಂತು ಒಟ್ಟಿಗೆ ಹೊಂದದಿದ್ದರೆ ಒಂದನ್ನಾದರೂ ಕಟ್ಟಿ. ಆ ಹಣ ಹಳೆಯ ಬಾಕಿಗೆ ಜಮೆ ಆಗುತ್ತದೆ, ದಿನದ ಎಣಿಕೆ ಎರಡನೇ ಕಂತಿನ ತಾರೀಖಿನಿಂದ ಶುರುವಾಗುತ್ತದೆ. ನಿಮಗೆ ಒಂದು ತಿಂಗಳ ಉಸಿರು ಸಿಗುತ್ತದೆ. ಎನ್‌ಪಿಎ ಆದ ಮೇಲೆ ಈ ದಾರಿ ಮುಚ್ಚುತ್ತದೆ. ಆಗ ಬಾಕಿಯೆಲ್ಲ ಪೂರ್ತಿ ತೀರಿಸಿದರೆ ಮಾತ್ರ ಖಾತೆ ಮತ್ತೆ ಸರಿಯಾಗುತ್ತದೆ. ಅದಕ್ಕೇ ನಾನು ಈ ಐದು ವಾರಕ್ಕೆ ಇಷ್ಟು ಒತ್ತು ಕೊಡುತ್ತಿರುವುದು.

ಬ್ಯಾಂಕಿಗೆ ಹೋಗಿ ಬಾಯಿಮಾತಲ್ಲಿ ಹೇಳಿ ಬರಬೇಡಿ. ಮ್ಯಾನೇಜರ್ ವರ್ಗವಾಗುತ್ತಾರೆ, ಮಾತು ಅವರ ಜೊತೆ ಹೋಗುತ್ತದೆ. ಕಾಗದ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹೀಗೆ ಬರೆದರೆ ಸಾಕು:

'ಮಾನ್ಯರೆ, ಈ ಮನೆಸಾಲಕ್ಕೆ ನನ್ನ ಪತಿ ಮತ್ತು ನಾನು ಸಾಲಗಾರರು. ನಾಲ್ಕು ವರ್ಷ ಒಂದೂ ಕಂತು ತಪ್ಪಿಸಿಲ್ಲ. ನನ್ನ ಪತಿಗೆ ಪಾರ್ಶ್ವವಾಯು ಆಗಿ ಸಂಬಳ ನಿಂತಿದ್ದರಿಂದ ಎರಡು ಕಂತು ಬಾಕಿ ಇವೆ. ಇಎಸ್‌ಐ ಭತ್ಯೆಗೆ ಅರ್ಜಿ ಹಾಕಿದ್ದೇವೆ, ಅದರ ಪ್ರತಿ ಇದರ ಜೊತೆ ಇದೆ. ಹಣ ಬಂದ ಕೂಡಲೇ ಬಾಕಿ ಕಟ್ಟುತ್ತೇವೆ. ಸಾಲದ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿಕೊಡಬೇಕು. ನಮ್ಮ ಸಾಲಕ್ಕೆ ಈಗಿನ ಬಡ್ಡಿ ದರ ಎಷ್ಟು, ಉಳಿದ ಅಸಲು ಎಷ್ಟು, ಯಾವ ವಿಮೆ ಇದೆ ಎಂಬುದನ್ನು ಬರಹದಲ್ಲಿ ತಿಳಿಸಬೇಕು.'

ಅವಧಿ ಹೆಚ್ಚಿಸಿದರೆ ಏನಾಗುತ್ತದೆ? ನಾಲ್ಕು ವರ್ಷ ಕಟ್ಟಿದ ಮೇಲೆ ನಿಮ್ಮ ಅಸಲು ಸುಮಾರು 10 ಲಕ್ಷ 17 ಸಾವಿರ ಉಳಿದಿರುತ್ತದೆ. ಉಳಿದ 11 ವರ್ಷವನ್ನು 18 ಮಾಡಿದರೆ ಅದೇ ಬಡ್ಡಿಗೆ ಕಂತು ಸುಮಾರು 9,530ಕ್ಕೆ ಇಳಿಯುತ್ತದೆ. ಮುಗಿಯುವಾಗ ಯಜಮಾನರಿಗೆ 59 ಆಗಿರುತ್ತದೆ, ಬ್ಯಾಂಕುಗಳು ನಿವೃತ್ತಿ ವಯಸ್ಸು ನೋಡುವುದರಿಂದ ಅದೂ ಹೊಂದುತ್ತದೆ. ತಿಂಗಳಿಗೆ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಉಳಿಯಿತು. ಆದರೆ 18 ವರ್ಷ ಹಾಗೇ ಕಟ್ಟುತ್ತಾ ಹೋದರೆ ಒಟ್ಟು ಸುಮಾರು ನಾಲ್ಕೂವರೆ ಲಕ್ಷ ಹೆಚ್ಚಿಗೆ ಹೋಗುತ್ತದೆ. ಇದನ್ನು ಮುಚ್ಚಿಟ್ಟು ಸಲಹೆ ಕೊಡಲು ನನಗೆ ಮನಸ್ಸಿಲ್ಲ. ಹಾಗಿದ್ದರೂ ಈಗ ತಗೊಳ್ಳಿ ಎಂದೇ ಹೇಳುತ್ತೇನೆ. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಮುಂಚಿತವಾಗಿ ಅಸಲು ಕಟ್ಟಿದರೆ ದಂಡ ಹಾಕುವಂತಿಲ್ಲ. ಅವರು ಕೆಲಸಕ್ಕೆ ಮರಳಿದ ಮೇಲೆ ಕೈಲಾದಾಗ ಎರಡು ಸಾವಿರ, ಐದು ಸಾವಿರ ಅಸಲಿಗೆ ಕಟ್ಟಿ ಆ ಹೊರೆ ಇಳಿಸಬಹುದು.

ಮ್ಯಾನೇಜರ್ ಹಿಂದೆ ಮುಂದೆ ನೋಡಬಹುದು. ಅದಕ್ಕೆ ಕಾರಣ ಇದೆ. ಕಷ್ಟದಲ್ಲಿರುವ ಸಾಲಗಾರರಿಗೆ ಷರತ್ತು ಸಡಿಲಿಸಿದರೆ ಅದನ್ನು ಸಾಲದ ಪುನರ್ರಚನೆ ಎಂದು ತೋರಿಸಬೇಕಾಗುತ್ತದೆ, ಸಾಮಾನ್ಯವಾಗಿ ಖಾತೆಯ ದರ್ಜೆಯೂ ಇಳಿಯುತ್ತದೆ, ನಿಮ್ಮ ಸಿಬಿಲ್ ಮೇಲೂ, ಅಂದರೆ ಸಾಲ ಕಟ್ಟಿದ ಇತಿಹಾಸದ ದಾಖಲೆಯ ಮೇಲೂ, ಗುರುತು ಬೀಳುತ್ತದೆ. ಹಾಗಾಗಿ ಮೊದಲು ಬಡ್ಡಿಯ ಕಡೆಯಿಂದ ಹೋಗಿ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 6.50ರಿಂದ 5.25ಕ್ಕೆ ಇಳಿಸಿತು. ಬ್ಯಾಂಕುಗಳು 2019ರ ಅಕ್ಟೋಬರ್ ನಂತರ ಕೊಟ್ಟ ಬದಲಾಗುವ ಬಡ್ಡಿಯ ಮನೆಸಾಲಗಳು ಇಂಥ ಹೊರಗಿನ ದರಕ್ಕೆ ಜೋಡಣೆ ಆಗಿರಬೇಕು. ನೀವು ಹೇಳಿದ ಶೇ. 9 ಈಗಿನದೋ, ಸಾಲ ತಗೊಂಡ ದಿನದ್ದೋ ನೋಡಿ. ಬಡ್ಡಿ ಇಳಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೇ ಇಟ್ಟು ಅವಧಿ ಕಡಿಮೆ ಮಾಡುತ್ತವೆ. 'ನಮಗೆ ಅವಧಿ ಹಾಗೇ ಇರಲಿ, ಕಂತು ಇಳಿಸಿ' ಎಂದು ಕೇಳಿ. ನನ್ನ ಅನುಭವದಲ್ಲಿ ಇದಕ್ಕೆ ಶಾಖೆಯಲ್ಲಿ ಇಲ್ಲ ಅನ್ನುವುದು ಕಡಿಮೆ. ಬಾಕಿ ಕಟ್ಟಿ ಖಾತೆ ಸರಿ ಇದ್ದಾಗ ಕೇಳಿದರಂತೂ ಕೆಲಸ ಇನ್ನೂ ಸಲೀಸು.

ಮನೆ ಹೋಗುತ್ತದೆ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ನಾಳೆ ಬಂದು ಬೀಗ ಹಾಕುವುದಿಲ್ಲ, ತಂಗಿ. ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತಗೊಳ್ಳುವ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಖಾತೆ ಎನ್‌ಪಿಎ ಆದ ಮೇಲೆ ಮೊದಲು 60 ದಿನದ ನೋಟಿಸ್ ಕೊಡಬೇಕು. ನೀವು ಬರಹದಲ್ಲಿ ಆಕ್ಷೇಪಣೆ ಕೊಟ್ಟರೆ 15 ದಿನದೊಳಗೆ ಉತ್ತರಿಸಬೇಕು. ಸ್ವಾಧೀನಕ್ಕೆ ತಗೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಮಾರುವ ಮೊದಲು 30 ದಿನದ ನೋಟಿಸ್ ಬೇರೆ ಬೇಕು. ನೋಟಿಸ್ ಬಂದರೆ ಒಡೆದು ಓದಿ, ಟಿವಿ ಹಿಂದೆ ಸಿಕ್ಕಿಸಿ ಇಡಬೇಡಿ.

ಆ ವಸೂಲಿಯವರ ವಿಷಯ. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಫೋನ್ ಮಾಡುವಂತಿಲ್ಲ. ಬೆದರಿಸುವುದು, ನಾಲ್ಕು ಜನರ ಮುಂದೆ ಮಾನ ಕಳೆಯುವುದು ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಬಂದವರ ಗುರುತಿನ ಚೀಟಿ, ಬ್ಯಾಂಕಿನ ಅಧಿಕಾರ ಪತ್ರ ಕೇಳಿ. ಬಂದ ದಿನ, ಹೊತ್ತು, ಆಡಿದ ಮಾತು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಪುಕ್ಕಟೆಯಾಗಿ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ನಮ್ಮ ಕಡೆ ಪತ್ತಿನ ಸಂಘಗಳಿಂದ ಮನೆಸಾಲ ತಗೊಂಡವರೂ ಬಹಳ ಇದ್ದಾರೆ. ಅವರಿಗೆ ಒಂಬುಡ್ಸ್‌ಮನ್ ದಾರಿ ಇಲ್ಲ, ಅವರು ಸಹಕಾರ ಇಲಾಖೆಯ ನಿಬಂಧಕರ ಕಚೇರಿಗೆ ಹೋಗಬೇಕು.

ಸಂಘದ ಸಾಲ ಯಾಕೆ ಬೇಡ ಅಂದೆ? ಮನೆಸಾಲದ ಬಡ್ಡಿ ಶೇ. 9. ಸಂಘದಲ್ಲಿ ಸಿಗುವ ಕಿರುಸಾಲದ ಬಡ್ಡಿ ಅದರ ಎರಡು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ. ವಾರ ವಾರ ಕಟ್ಟಬೇಕು, ನೀವು ತಪ್ಪಿದರೆ ಗುಂಪಿನ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೊಲಿಗೆಯ ನಾಲ್ಕೈದು ಸಾವಿರ ನಿಮ್ಮ ಮನೆಯ ಊಟದ ದುಡ್ಡು. ಅದಕ್ಕೆ ವಾರದ ಕಂತು ಕಟ್ಟಬೇಡಿ.

ಇದನ್ನು ಓದುವ ಬನಹಟ್ಟಿಯ ಮಗ್ಗದವರು, ಇಳಕಲ್ಲಿನ ನೇಕಾರರು, ವಿಜಯಪುರದ ದ್ರಾಕ್ಷಿ ಬೆಳೆಗಾರರು 'ನಮಗೆಲ್ಲಿಯ ಇಎಸ್‌ಐ' ಎನ್ನುತ್ತಾರೆ. ಹೌದು, ಸ್ವಂತ ದುಡಿಮೆಯವರಿಗೆ ನಿಂತ ಆದಾಯ ತುಂಬಿಕೊಡುವ ಯೋಜನೆ ಇಲ್ಲ. ಇದು ದೊಡ್ಡ ಕೊರತೆ, ನನಗೆ ಬಹಳ ಬೇಸರ ತರುವ ಸಂಗತಿ. ಅವರು ಆಸ್ಪತ್ರೆ ಖರ್ಚಿಗೆ ಕಂತಿನ ದುಡ್ಡು ಹೋಗದಂತೆ ನೋಡಿಕೊಳ್ಳಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರು ನೋಂದಣಿ ತೆರೆದಾಗ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ಹಚ್ಚಬೇಕು, ಅದರಲ್ಲೂ 5 ಲಕ್ಷದ ಮಿತಿ ಇದೆ. ಕ್ಷಯ ಇದ್ದವರಿಗೆ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರಕ್ಕೆ ಖಾತೆಗೆ ಬರುತ್ತದೆ. ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ವಿಮೆ, 20 ರೂಪಾಯಿಯ ಸುರಕ್ಷಾ ಬಿಮಾ ಒಳ್ಳೆಯವೇ, ಆದರೆ ಮೊದಲನೆಯದು ಸಾವಿಗೆ, ಎರಡನೆಯದು ಅಪಘಾತಕ್ಕೆ. ಕಾಯಿಲೆಯಿಂದ ಕಂತು ತಪ್ಪಿದರೆ ಎರಡೂ ಬರುವುದಿಲ್ಲ. ಇವರೂ ಬ್ಯಾಂಕಿಗೆ ಪತ್ರ ಕೊಡುವುದನ್ನು, 90 ದಿನದ ಲೆಕ್ಕವನ್ನು ನಿಮ್ಮ ಹಾಗೇ ಪಾಲಿಸಬೇಕು.

ಕೊನೆಗೆ, ನೀವು ಕೇಳದಿದ್ದರೂ ಎದುರಾಗುವ ಒಂದು ತೊಂದರೆ ಹೇಳುತ್ತೇನೆ. ಇಎಸ್‌ಐ ಹಣ ಬರುವುದು ಯಜಮಾನರ ಖಾತೆಗೆ. ಅವರಿಗೆ ಬಲಗೈ ಬರುತ್ತಿಲ್ಲ, ಸಹಿ ಹೊಂದುವುದಿಲ್ಲ. ಕೌಂಟರಿನಲ್ಲಿ 'ಸಹಿ ತಾಳೆ ಆಗಲ್ಲ' ಎಂದು ಚೀಟಿ ವಾಪಸ್ ಕೊಟ್ಟರೆ ಮನೆಗೆ ತಿರುಗಿ ಬರಬೇಡಿ. ಕಾಯಿಲೆಯಿಂದ ಸಹಿ ಮಾಡಲಾಗದವರ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳ ಎದುರು ಪಡೆಯಬಹುದು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ ಆಗಿರಬೇಕು. ಕೈ ಎತ್ತಲೇ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತೂ ನಡೆಯುತ್ತದೆ. ನಿಮ್ಮವರ ಎಡಗೈ ಚೆನ್ನಾಗಿದೆ. ಎಡಗೈ ಹೆಬ್ಬೆಟ್ಟು ಒತ್ತಿಸಿ, ಅದೇ ದಿನ ಆ ಖಾತೆಗೆ ನಿಮ್ಮ ಹೆಸರನ್ನೂ ಜಂಟಿಯಾಗಿ ಸೇರಿಸಲು ಅರ್ಜಿ ಕೊಟ್ಟು ಬನ್ನಿ.